ಹಳೇ 27 ಇಂಚಿನ ರೋಡ್ ಬೈಕ್‌ಗೆ ಪಂಕ್ಚರ್ ತಡೆಯೋ ಟೈರ್ ಯಾವುದು?

ಬಾಗಿದಹ್ಯಾಂಡಲ್ (ಮೈಸೂರು):
ನಮಸ್ಕಾರ. ದೊಡ್ಡಪ್ಪನ ಕಾಲದ ಸ್ಟೀಲ್ ಫ್ರೇಮಿನ ರೋಡ್ ಬೈಕ್ ಒಂದು ನನ್ನ ಕೈಗೆ ಬಂದಿದೆ, ಗೇರ್ ಲಿವರ್ ಕೆಳಗಿನ ಪೈಪಿನ ಮೇಲಿರೋ ಅಂಥದ್ದು. ಚೈನು, ಬ್ರೇಕು ಎಲ್ಲ ಸರಿ ಮಾಡಿಸಿದ್ದಾಯ್ತು. ವಾರದ ದಿನ ಲಲಿತಮಹಲ್ ರಸ್ತೆ ಕಡೆ ಒಂದು ಸುತ್ತು, ಭಾನುವಾರ ಶ್ರೀರಂಗಪಟ್ಟಣ ದಾಟಿ ಮಂಡ್ಯದ ಕಡೆಗೆ. ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ಹಿಂದಿನ ಚಕ್ರ ಮೇಲಿಂದ ಮೇಲೆ ಪಂಕ್ಚರ್ ಆಗ್ತಿದೆ. ಟೈರ್ ಮೇಲೆ 27 x 1 1/4 ಅಂತಿದೆ. ಅಂಗಡಿಯವರು "28ರ ಟೈರ್ ಹಾಕ್ಬಿಡಿ ಸಾರ್, ದಪ್ಪ ಇರುತ್ತೆ, ಮೊಳೆಗೂ ಜಗ್ಗಲ್ಲ" ಅಂತಾರೆ. ಗೆಳೆಯರು ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಬಿಟ್ಟು ಬೇರೆ ಹೆಸರೇ ಎತ್ತಲ್ಲ. ಕಾಂಟಿನೆಂಟಲ್ ಗೇಟರ್‌ಸ್ಕಿನ್ ಅನ್ನೋರೂ ಇದ್ದಾರೆ. ದುಡ್ಡು ಹಾಕೋದು ಒಂದೇ ಸಲ. ಯಾವುದಕ್ಕೆ ಹಾಕ್ಲಿ?

ಕಡ್ಡಿಬಿಗಿ (ಮೈಸೂರು):
28ರದ್ದು ಮಾತ್ರ ಬೇಡ ಸರ್. ಟೈರಿನ ಪಕ್ಕದಲ್ಲಿ ಸಣ್ಣದಾಗಿ 32-630 ಅಂತ ಒತ್ತಿರ್ತಾರೆ, ಒರೆಸಿ ನೋಡಿ. 32 ಅಗಲ; 630 ಅಂದ್ರೆ ಟೈರಿನ ಅಂಚು ರಿಮ್ಮಿನಲ್ಲಿ ಕೂರೋ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಇಂಚಿನ ಲೆಕ್ಕ ಮರೆತುಬಿಡಿ, ಈ ನಂಬರ್ ಒಂದೇ ಸತ್ಯ. ಹಾಲಿನ ಕ್ಯಾನ್ ಕಟ್ಕೊಂಡು ಹೋಗೋ ದೊಡ್ಡ ಸೈಕಲ್‌ನ 28 x 1 1/2 ಟೈರು 635. 5 ಮಿ.ಮೀ. ದೊಡ್ಡದು ಅಷ್ಟೇ, ಹಾಗಾಗಿ ಕೈಯಲ್ಲೇ ಸಲೀಸಾಗಿ ಕೂರುತ್ತೆ, ಅಂಗಡಿಯವರಿಗೂ ಖುಷಿ. ಗಾಳಿ ಏರಿಸಿದ ಮೇಲೆ ಒಂದು ಕಡೆ ಅಂಚು ರಿಮ್ ಬಿಟ್ಟು ಎದ್ದು, ಟ್ಯೂಬು ಗುಳ್ಳೆ ಥರ ಹೊರಗೆ ಬಂದು ಢಮಾರ್. ಈಗಿನ ರೋಡ್ ಬೈಕ್‌ಗಳ 700ಸಿ ಅನ್ನೋ ಅಳತೆ 622, ಅದು ಚಿಕ್ಕದು, ನಿಮ್ಮ ರಿಮ್ಮಿಗೆ ಏರೋದೇ ಇಲ್ಲ.

ಮ್ಯಾರಥಾನ್ ಪ್ಲಸ್ ಒಳ್ಳೇದೇ, ತಡೆಯೋ ಪದರವೇ 5 ಮಿ.ಮೀ. ಇದೆ. ಅಷ್ಟು ಪದರ ಇದ್ರೆ ಟೈರೂ ಎತ್ತರವಾಗುತ್ತೆ. ಹಳೇ ರೋಡ್ ಫ್ರೇಮಿನಲ್ಲಿ ಬ್ರೇಕಿನ ಕೆಳಗೆ ಜಾಗ ಎಷ್ಟಿರುತ್ತೆ ಹೇಳಿ? ಜೊತೆಗೆ ಓಡಿಸುವಾಗ ಭಾರ ಗೊತ್ತಾಗುತ್ತೆ. ಅಂಥ ಹಗುರ ಬೈಕಿಗೆ ಅದನ್ನ ಹಾಕೋದು ನನಗಂತೂ ಮನಸ್ಸಿಲ್ಲ.

ನಾಲೆಏರಿ (ಮಂಡ್ಯ):
ಅಣ್ಣ, ಟೈರ್ ಆಮೇಲೆ ತಗೊಳ್ಳಿ. ತೂತು ಎಲ್ಲಿ ಬೀಳ್ತಾ ಅದೆ ನೋಡಿದ್ರಾ? ಟೈರ್ ಹಾಕುವಾಗ ಅದರ ಕಂಪನಿ ಹೆಸರು ವಾಲ್ವಿನ ನೇರಕ್ಕೆ ಬರೋ ಹಂಗೆ ಕೂರಿಸ್ಕಳಿ. ಆಮೇಲೆ ಟ್ಯೂಬಲ್ಲಿ ತೂತು ಸಿಕ್ಕಿದ್ರೆ ಟೈರಲ್ಲಿ ಅದೇ ಜಾಗಕ್ಕೆ ನೇರವಾಗಿ ಹೋಗ್ಬೋದು. ತೂತು ರಸ್ತೆ ಕಡೆ ಇದ್ರೆ ಚುಚ್ಚಿದ್ದು. ರಿಮ್ ಕಡೆ ಇದ್ರೆ ಕಡ್ಡಿ ತುದಿಯ ನಿಪ್ಪಲ್ಲು ಚುಚ್ಚಿದ್ದು, ಅದಕ್ಕೆ ಎಂಥಾ ಟೈರ್ ತಂದ್ರೂ ಅಷ್ಟೇ, ರಿಮ್ ಟೇಪ್ ಹಾಕ್ಬೇಕು. ಅಕ್ಕಪಕ್ಕ ಎರಡು ಸೀಳು ಬಿದ್ದಿದ್ರೆ ಗಾಳಿ ಕಮ್ಮಿ ಇಟ್ಕಂಡು ಗುಂಡೀಗ್ ಬಿಟ್ಟಿದ್ದೀರಿ ಅಂತ.

ನಮ್ ಕಡೆ ಚುಚ್ಚೋದು ಮೂರು ಥರ. ನಾಲೆ ಏರಿ ಮೇಲೆ ನೆಗ್ಗಿಲು: ನೆಲಕ್ಕೆ ಹಬ್ಬಿಕಂಡು ಹಳದಿ ಹೂ ಬಿಡ್ತದಲ್ಲ, ಅದು. ಕಾಯಿ ಹೆಂಗ್ ಬಿದ್ರೂ ಒಂದು ಮುಳ್ಳು ಮೇಲಕ್ಕೇ ನೋಡ್ತಿರ್ತದೆ. ಕಬ್ಬಿನ ಗಾಡಿ ಓಡಾಡೋ ದಾರೀಲಿ ಎತ್ತಿನ ಲಾಳದ ಮೊಳೆ. ಸರ್ವಿಸ್ ರಸ್ತೆ ಅಂಚಲ್ಲಿ ಲಾರಿ ಟೈರ್ ಸಿಡಿದ ತಂತಿ ಚೂರು. ಮುಳ್ಳು ಕಣ್ಣಿಗಾದ್ರೂ ಕಾಣ್ತದೆ, ಈ ತಂತಿ ಕಾಣಲ್ಲ. ಟೈರೊಳಗೆ ಹತ್ತಿ ಸವರ್ಕಂಡು ಹೋಗಿ, ಎಳೆ ಎಲ್ಲಿ ಸಿಕ್ಕಾಕತದೋ ಅಲ್ಲಿ ಐತೆ.

ಬಾಗಿದಹ್ಯಾಂಡಲ್:
ಅಣ್ಣ, ಸಿಕ್ತು! ಹತ್ತಿ ಎಳೆ ಒಂದು ಕಡೆ ನಿಂತುಬಿಡ್ತು. ಬೆರಳಾಡಿಸಿದ್ರೆ ಏನೂ ತಾಗಲ್ಲ, ಆ ಜಾಗವನ್ನ ಹೊರಗಿಂದ ಒಳಕ್ಕೆ ಮಡಚಿದಾಗ ಮಾತ್ರ ತಂತಿ ತುದಿ ಇಣುಕುತ್ತೆ. ಚಿಮಟದಲ್ಲಿ ಎಳೆದು ತೆಗೆದೆ. ಟ್ಯೂಬಿನ ತೇಪೆ ಎಲ್ಲ ಅದರ ಆಸುಪಾಸಲ್ಲೇ ಇವೆ. ಆದ್ರೆ ಟೈರ್ ನಡುಭಾಗ ಸವೆದು ಚಪ್ಪಟೆ, ಪಕ್ಕದಲ್ಲಿ ಬಿರುಕು, ಒಂದು ಕಡೆ ದಾರ ಕಾಣ್ತಿದೆ. ರಿಮ್ ಸ್ಟೀಲಿಂದು. ಒಳ ಅಂಚು ನೇರವಾಗಿದೆ, ಕೊಕ್ಕೆ ಥರ ಬಾಗಿಲ್ಲ.

ಕಡ್ಡಿಬಿಗಿ:
ದಾರ ಕಂಡ ಟೈರ್ ಇವತ್ತೇ ತೆಗೀರಿ. ರಿಮ್ ಅಂಚು ನೇರ ಅಂದಿದ್ದು ಒಳ್ಳೇದಾಯ್ತು. ಅಂಥ ರಿಮ್ಮಿನಲ್ಲಿ ಟೈರ್ ಮೇಲೆ ಎಷ್ಟೇ ಬರೆದಿರಲಿ, ಗಾಳಿ 70 ಪಿಎಸ್‌ಐ ದಾಟಿಸ್ಬೇಡಿ. ಹೆಚ್ಚಾದ್ರೆ ಅಂಚು ಜಾರುತ್ತೆ. 32 ಅಗಲಕ್ಕೆ ಅಷ್ಟು ಸಾಕು. ಸ್ಟೀಲ್ ರಿಮ್ ಮಳೆಯಲ್ಲಿ ಬ್ರೇಕ್ ಹಿಡಿಯೋದೂ ಅಷ್ಟಕ್ಕಷ್ಟೇ, ಚಾಮುಂಡಿ ಬೆಟ್ಟ ಇಳಿಯುವಾಗ ಗಮನ ಇರಲಿ.

630ರಲ್ಲಿ ನಾನು ಹೇಳೋದು ಪ್ಲಸ್ ಅಲ್ಲದ ಬರೀ ಮ್ಯಾರಥಾನ್, 32-630. ಅದರಲ್ಲಿ ಪಂಕ್ಚರ್ ತಡೆಯೋ ಗ್ರೀನ್‌ಗಾರ್ಡ್ ಪದರ 3 ಮಿ.ಮೀ.; ಲಾರಿ ತಂತಿ, ನೆಗ್ಗಿಲು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತೆ. ಗೇಟರ್‌ಸ್ಕಿನ್ ಈ ಅಳತೆಯಲ್ಲಿದೆ, ಸಲೀಸಾಗಿ ಓಡುತ್ತೆ, ಪಕ್ಕದ ಗೋಡೆಗೂ ಬಲೆಯ ಕವಚ ಇರೋದ್ರಿಂದ ಜಲ್ಲಿ ಕಲ್ಲಿಗೆ ಸೀಳಲ್ಲ. ಆದ್ರೆ ಪದರ ತೆಳು, ತಂತಿಗೆ ಅದನ್ನ ನಂಬೋಕೆ ನಾನು ತಯಾರಿಲ್ಲ. ಒದ್ದೆ ರಸ್ತೆಯ ಹಿಡಿತವೂ ನನಗೆ ಹಿಡಿಸಿಲ್ಲ. ಪನಾರೇಸರ್ ಪಸೇಲಾ ನೋಡೋಕೆ ಈ ಬೈಕಿಗೆ ಹೇಳಿ ಮಾಡಿಸಿದ ಹಾಗಿರುತ್ತೆ, ಕಂದು ಬಣ್ಣದ ಪಕ್ಕದ ಗೋಡೆ. ಶೋಕಿಗಾದ್ರೆ ಅದು, ಮಂಡ್ಯ ರಸ್ತೆಗಲ್ಲ. ಮ್ಯಾರಥಾನ್ ಹಿಂದಿನ ಚಕ್ರಕ್ಕೆ ಮೊದಲು ಹಾಕಿ, ಭಾರ ಬೀಳೋದು ಅಲ್ಲೇ.

ನಾಲೆಏರಿ (ಮಂಡ್ಯ):
ಜಾಲಿ ಮುಳ್ಳು ನೆಟ್ಟಗೆ ಚುಚ್ಚಿದ್ರೆ ಯಾವ ಪದರಾನೂ ತಡೆಯಲ್ಲ ಕಣಣ್ಣ. ಒಂದು ಟ್ಯೂಬು, ಪಂಪು ಸೀಟ್ ಕೆಳಗೆ ಇರ್ಲಿ.

ಬಾಗಿದಹ್ಯಾಂಡಲ್:
ಸರಿ, ಮ್ಯಾರಥಾನ್ 32-630ಗೇ ಹೇಳ್ತೀನಿ. ಟ್ಯೂಬು ಸಣ್ಣ ವಾಲ್ವಿಂದು, ಪ್ರೆಸ್ಟಾ ಸಿಗ್ತಿದೆ. ಆದ್ರೆ ರಿಮ್ಮಿನ ತೂತು ಹಳೇ ದಪ್ಪ ವಾಲ್ವಿಂದು. ನಡೆಯುತ್ತಾ?

ಕಡ್ಡಿಬಿಗಿ:
ಹಾಗೇ ಹಾಕಿದ್ರೆ ವಾಲ್ವ್ ಅಲ್ಲಾಡಿ ಬುಡದಲ್ಲೇ ಟ್ಯೂಬು ಹರಿಯುತ್ತೆ. ತೂತಿಗೆ ಕೂರೋ ರಬ್ಬರ್ ಬುಷ್ ಸಿಗುತ್ತೆ, ಅದನ್ನ ಹಾಕಿ. ಇಲ್ಲಾಂದ್ರೆ ಮೋಟಾರ್ ಬೈಕಿನ ಥರದ ದಪ್ಪ ವಾಲ್ವಿನ ಟ್ಯೂಬೇ ಕೇಳಿ, ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸ್ಬಹುದು. ಬಂಕಿನವರಿಗೆ 70 ಅಂತ ಮೊದಲೇ ಹೇಳಿ.