ಹಳೇ ಸಿಜೆ-3ಬಿ ಜೀಪಿಗೆ ಮುಂದಿನ ಆಕ್ಸಲ್ ಚೇಂಜ್ ಮಾಡ್ಸೋದಾ ಬೇಡ್ವಾ?

ತುಮಕೂರ್_ಜೀಪು: ಗುರುಗಳೇ, ನಮ್ಮಪ್ಪನ ಕಾಲದ ಮಹೀಂದ್ರ ಸಿಜೆ-3ಬಿ, ಮುಂದೆ ಡಾನಾ 25 ಅನ್ನೋ ಮಾಡೆಲ್ ಆಕ್ಸಲ್ಲು, ಬಲಗಡೆ ನಕಲ್ (ಮುಂದಿನ ಚಕ್ರ ತಿರುಗೋ ಕೀಲು) ಹತ್ರ ಎಣ್ಣೆ ಸೋರಿ ಟೈರ್ ಒಳಗೆಲ್ಲ ಜಿಡ್ಡು, ದೇವರಾಯನದುರ್ಗ ಇಳಿಯುವಾಗ ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೆಯತ್ತೆ. ಡಿಸ್ಕ್ ಬ್ರೇಕ್ ಇರೋ ಬೇರೆ ಆಕ್ಸಲ್ಲೇ ಹಾಕ್ಸಿಬಿಡ್ಲಾ?

ಗೇರ್‌ಬಾಕ್ಸ್_ಗೌಡ: ತಡೀರಿ ಸಾರ್. ಹಿಂದೆ ಮುಂದೆ ಆಕ್ಸಲ್ ಗೇರ್ ರೇಷಿಯೋ (ಹಲ್ಲುಗಳ ಅನುಪಾತ) ಒಂದೇ ಇರ್ಬೇಕು, ನಿಮ್ದು ಸಾಮಾನ್ಯವಾಗಿ 5.38, ಅಂದ್ರೆ ಕ್ರೌನ್ ಅನ್ನೋ ದೊಡ್ಡ ಗೇರಿಗೆ 43 ಹಲ್ಲು, ಚಿಕ್ಕ ಗೇರು ಪಿನಿಯನ್‌ಗೆ 8, ಗುಜರಿಯವನ ಮಾತು ನಂಬದೆ ಎಣಿಸಿ ತಗೊಳ್ಳಿ, 4.88ದು ಹಾಕಿ ಫೋರ್‌ವೀಲ್ ಎಳೆದ್ರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚೋ ಗೇರ್ ಡಬ್ಬಿ) ಕಥೆ ಅಷ್ಟೇ. ಡಿಫರೆನ್ಷಿಯಲ್ಲೂ (ಆಕ್ಸಲ್ ಮೇಲೆ ಈ ಗೇರುಗಳಿರೋ ಉಬ್ಬು) ಬಲಗಡೆಗೇ ಇರ್ಬೇಕು, ಇಲ್ಲಾಂದ್ರೆ ಅದಕ್ಕೆ ಬರೋ ಪ್ರೊಪೆಲ್ಲರ್ ಶಾಫ್ಟ್ ಕೂರಲ್ಲ.

ಕೋಲಾರದ_ಹುಡ್ಗ: ಅಣ್ಣಾ, ಆಕ್ಸಲ್ ಆಮೇಲೆ ನೋಡೋಣ. ಎಡಕ್ಕೆ ಎಳೆಯತ್ತೆ ಅಂದ್ರೆ ಬಲಗಡೆ ಬ್ರೇಕ್ ಲೈನಿಂಗು ಎಣ್ಣೆ ಕುಡ್ದಿದೆ, ಆ ಚಕ್ರ ಹಿಡೀತಿಲ್ಲ ಅಷ್ಟೇ. ನಕಲ್ ಒಳಗಿರೋ ಚೆಂಡಿನಂಥ ಕಬ್ಬಿಣದ ಗುಂಡಿನ ಮೇಲೆ ಉಗುರಲ್ಲಿ ಸವರಿ ನೋಡಿ, ತುಕ್ಕಿನ ಗುಳಿ ಸಿಕ್ರೆ ಎಷ್ಟ್ ಹೊಸ ಸೀಲ್ ಹಾಕಿದ್ರೂ ಹರಿದೇ ಹರಿಯತ್ತೆ, ಮೊದ್ಲು ಗುಳಿ ತುಂಬ್ಸಿ ನೈಸ್ ಮಾಡ್ಸಿ. ಕಿಂಗ್‌ಪಿನ್ (ನಕಲ್ ತಿರುಗೋ ಪಿನ್ನು) ಬೇರಿಂಗೂ ಅಲ್ಲಾಡ್ಸಿ ನೋಡಿ.

ಗೇರ್‌ಬಾಕ್ಸ್_ಗೌಡ: ಇದೇ ಸರಿ. ಆಕ್ಸಲ್ಲೇ ಬದಲಾಯಿಸಿದ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಟೈಮಲ್ಲಿ ಗಾಡಿ ಮಾರ್ಪಾಡಿನ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಅಂತ ತಲೆನೋವು ಬೇರೆ.

ತುಮಕೂರ್_ಜೀಪು: ಸರಿ, ಭಾನುವಾರ ಬಲಗಡೆ ಡ್ರಮ್ ಬಿಚ್ಚಿ ಫೋಟೋ ಹಾಕ್ತೀನಿ.