ಬೇಸ್‌ಮೆಂಟಲ್ಲಿ ನಿಂತ ಕಾರು, ಬ್ಯಾಟರಿ ಡೌನ್: ತಳ್ಳಿ ಸ್ಟಾರ್ಟ್ ಮಾಡಬಹುದಾ?

ಬನಶಂಕರಿ_ಎರಡನೇ_ಹಂತ:
ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರು, 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ ಈಗ ನಾಲ್ಕನೇ ವರ್ಷ. ಮೂರು ವಾರ ಗಾಡಿ ತೆಗೆದಿರಲಿಲ್ಲ. ಕೀ ತಿರುಗಿಸಿದರೆ ಮೀಟರ್ ಲೈಟು ಬರುತ್ತೆ, ಸ್ಟಾರ್ಟರ್ ಟಕ್ ಟಕ್ ಅಂದು ಸುಮ್ಮನಾಗುತ್ತೆ. ಮಲ್ಟಿಮೀಟರ್ ಇಟ್ಟರೆ 11.6 ವೋಲ್ಟ್. ರ‍್ಯಾಂಪ್ ಹತ್ತಿಸಿ ರಸ್ತೆಗೆ ತರೋ ಹಾಗಿಲ್ಲ. ಬೇಸ್‌ಮೆಂಟಲ್ಲೇ ತಳ್ಳಿದರೆ ಆಗುತ್ತಾ? ಎಷ್ಟನೇ ಗೇರಲ್ಲಿ ಹಾಕಬೇಕು?

ಹತ್ತರ_ಸ್ಪ್ಯಾನರ್:
11.6 ಅಂದರೆ ಬ್ಯಾಟರಿ ಹತ್ತಿರ ಹತ್ತಿರ ಖಾಲಿ. ಆದರೂ ಒಂದು ಪರೀಕ್ಷೆ ಮಾಡಿ ಸರ್. ಕೀ ಆನ್ ಮಾಡಿ ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಒಂದೆರಡು ಸೆಕೆಂಡು ಫ್ಯೂಯಲ್ ಪಂಪ್ ಗುಂಯ್ ಅಂದರೆ ಅವಕಾಶ ಇದೆ. ತಳ್ಳಿದರೆ ಸ್ಟಾರ್ಟರ್ ಮಾಡೋ ಕೆಲಸ ಮಾತ್ರ ತಪ್ಪುತ್ತೆ. ಪಂಪು, ಇಂಜೆಕ್ಟರು, ಸ್ಪಾರ್ಕು, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಎಲ್ಲಕ್ಕೂ ಬ್ಯಾಟರಿಯಿಂದಲೇ ಕರೆಂಟು ಬೇಕು. ಹಳೇ ಕಾರ್ಬ್ಯುರೇಟರ್ ಗಾಡಿ ಇಷ್ಟೆಲ್ಲ ಕೇಳ್ತಿರಲಿಲ್ಲ.

ಕೀ ಆನ್‌ನಲ್ಲೇ ಇರಲಿ, ತೆಗೆದರೆ ಸ್ಟೀರಿಂಗ್ ಲಾಕ್ ಆಗುತ್ತೆ. ಎಸಿ, ಲೈಟು, ಸ್ಟೀರಿಯೋ ಎಲ್ಲ ಆಫ್. ಎರಡನೇ ಗೇರು ಹಾಕಿ ಕ್ಲಚ್ ಪೂರ್ತಿ ಒತ್ತಿ ಹಿಡೀರಿ, ಹ್ಯಾಂಡ್‌ಬ್ರೇಕ್ ಇಳಿಸಿ. ತಳ್ಳೋರು ಇಬ್ಬರಾದರೂ ಇರಲಿ. ಗಂಟೆಗೆ 8–10 ಕಿ.ಮೀ. ವೇಗ ಬಂದ ಮೇಲೆ, ಅಂದರೆ ತಳ್ಳೋರು ಓಡ್ತಾ ಇರಬೇಕು, ಕ್ಲಚ್ ತಟ್ಟನೆ ಬಿಡಿ. ಇಂಜಿನ್ ಹಿಡಿದುಕೊಂಡ ಕ್ಷಣ ಮತ್ತೆ ಒತ್ತಿ ಆಕ್ಸಿಲರೇಟರ್ ಸ್ವಲ್ಪ ಕೊಡಿ. ಕ್ಲಚ್ ನಿಧಾನಕ್ಕೆ ಬಿಟ್ಟರೆ ಬಂದ ವೇಗವೆಲ್ಲ ಜಾರಿ ಹೋಗುತ್ತೆ.

ಆ ವೇಗಕ್ಕೆ ಎರಡನೇ ಗೇರಲ್ಲಿ ಇಂಜಿನ್ ಸುಮಾರು 700 ಆರ್‌ಪಿಎಂ ತಿರುಗುತ್ತೆ, ಸ್ಟಾರ್ಟರ್ ತಿರುಗಿಸೋದಕ್ಕಿಂತ ಜಾಸ್ತಿನೇ. ಮೊದಲನೇ ಗೇರು ಬೇಡ, ಗಾಡಿ ಜರ್ಕ್ ಹೊಡೆದು ನಿಂತುಬಿಡುತ್ತೆ. ಎರಡು ಮೂರು ಸಲಕ್ಕೆ ಆಗಲಿಲ್ಲ ಅಂದರೆ ಬಿಟ್ಟುಬಿಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಸೇರುತ್ತೆ. ಆಮೇಲೆ ಇಂಜಿನ್ ಹತ್ತಿದಾಗ ಅಲ್ಲಿ ಉರಿದರೆ ಅದು ಹಾಳು.

ಗಾಂಧಿಬಜಾರ್_ಗ್ಯಾರೇಜ್:
ಮೇಲೆ ಬರೆದಿದ್ದೆಲ್ಲ ಸರಿ. ಆದರೆ ಬೇಸ್‌ಮೆಂಟಲ್ಲಿ ದಯವಿಟ್ಟು ಬೇಡ. ಇಂಜಿನ್ ಆಫ್ ಇದ್ದಾಗ ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗಲ್ಲ. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗೂ ಭಾರ. ಹತ್ತು ಕಿ.ಮೀ. ವೇಗದಲ್ಲಿ ಎದುರಿಗೆ ಪಿಲ್ಲರ್ ಬಂದರೆ ನಿಲ್ಲಿಸೋದು ಕಷ್ಟ. ರ‍್ಯಾಂಪಲ್ಲಿ ಅರ್ಧ ಹತ್ತಿಸಿ ಹಿಂದಕ್ಕೆ ಬಿಡೋ ಉಪಾಯವಂತೂ ಬೇಡವೇ ಬೇಡ, ಹಿಂದೆ ಇದ್ದೋರ ಕಾಲಿನ ಪ್ರಶ್ನೆ.

ಪಕ್ಕದ ಸ್ಲಾಟಿನವರನ್ನ ಕೇಳಿ, ಅವರ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಸ್ಟಾರ್ಟ್ ಮಾಡಿ. ಕೇಬಲ್ ದಪ್ಪ ಇರಲಿ, 16 ಚದರ ಮಿ.ಮೀ.ಗೆ ಕಡಿಮೆ ಬೇಡ. ತೆಳು ಕೇಬಲ್ ಬಿಸಿಯಾಗುತ್ತೆ ಹೊರತು ಸ್ಟಾರ್ಟರ್ ತಿರುಗಲ್ಲ. ಕೆಂಪು ಮೊದಲು ನಿಮ್ಮ ಪ್ಲಸ್‌ಗೆ, ಅದರ ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ, ಕೊನೇ ತುದಿ ನಿಮ್ಮ ಇಂಜಿನ್ನಿನ ಪೇಂಟ್ ಇಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೇ ಕ್ಲಿಪ್ ಹಾಕುವಾಗಲೇ ಕಿಡಿ ಬರೋದು, ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತೆ. ಅವರ ಗಾಡಿ ಐದು ನಿಮಿಷ ಓಡಲಿ, ಆಮೇಲೆ ನಿಮ್ಮದು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಇದೇ ಕ್ರಮ ಉಲ್ಟಾ.

ಬನಶಂಕರಿ_ಎರಡನೇ_ಹಂತ:
ಧನ್ಯವಾದ ಸರ್. ಪಕ್ಕದವರದು ಆಟೋಮ್ಯಾಟಿಕ್ ಡೀಸೆಲ್, ನಡೆಯುತ್ತಾ?

ಗಾಂಧಿಬಜಾರ್_ಗ್ಯಾರೇಜ್:
ಕರೆಂಟು ಕೊಡೋಕೆ 12 ವೋಲ್ಟಿನ ಮಾಮೂಲಿ ಪೆಟ್ರೋಲ್ ಅಥವಾ ಡೀಸೆಲ್ ಕಾರು ಯಾವುದಾದರೂ ಸರಿ. ತಳ್ಳಿ ಸ್ಟಾರ್ಟ್ ಮಾಡೋಕೆ ಮಾತ್ರ ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್, ಸಿವಿಟಿ, ಎಎಂಟಿ ಯಾವುದೂ ಆಗಲ್ಲ.

ಮೀಟರ್_ರೀಡಿಂಗ್:
ಸ್ಟಾರ್ಟ್ ಆದ ಮೇಲೆ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. 12ರ ಆಸುಪಾಸಲ್ಲೇ ಇದ್ದರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಿ. ಇಂಜಿನ್ ಓಡ್ತಿರುವಾಗ ಟರ್ಮಿನಲ್ ಕಿತ್ತು ಪರೀಕ್ಷೆ ಮಾಡಿ ಅಂತ ಕೆಲವರು ಈಗಲೂ ಹೇಳ್ತಾರೆ, ಕೇಳಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು ಸುಟ್ಟುಹೋಗಬಹುದು.

ಇನ್ನು ಚಾರ್ಜ್. ಸಿಲ್ಕ್ ಬೋರ್ಡ್ ಜಾಮಲ್ಲಿ ಎಸಿ ಹಾಕಿಕೊಂಡು ಒಂದು ಗಂಟೆ ನಿಂತರೆ ಬ್ಯಾಟರಿಗೆ ಹೋಗೋದು ಅಲ್ಪವೇ. ಬೆಳಿಗ್ಗೆ ಬೇಗ ನೈಸ್ ರಸ್ತೆಯಲ್ಲಿ ಓಡಿಸೋದು ವಾಸಿ, ಅದಕ್ಕಿಂತ ಒಳ್ಳೇದು ಚಾರ್ಜರ್ ಹಾಕಿಸೋದು: 35 ಎಎಚ್‌ಗೆ 3.5 ಆಂಪ್, ಹತ್ತು ಹನ್ನೆರಡು ಗಂಟೆ. ತುಂಬಿದ ಮೇಲೆ ಒಂದು ರಾತ್ರಿ ಬಿಟ್ಟು ಅಳೆಯಿರಿ. 12.6 ಹತ್ತಿರ ನಿಂತರೆ ಬ್ಯಾಟರಿ ಇನ್ನೂ ಬದುಕಿದೆ. 12.3ಕ್ಕೆ ಇಳಿದರೆ ನಾಲ್ಕು ವರ್ಷದ್ದು, ಬದಲಾಯಿಸಿ. ಹಳೇದನ್ನ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತೆ.

ನಿಂತ ಗಾಡಿಯಲ್ಲೂ ಅಲಾರಂ, ಇಸಿಯು, ಸ್ಟೀರಿಯೋ ಮೆಮೊರಿ ಸೇರಿ 50 ಮಿಲಿಆಂಪ್ ಎಳೆದರೆ ದಿನಕ್ಕೆ 1.2 ಎಎಚ್, ಮೂರು ವಾರಕ್ಕೆ 25. ನಿಮ್ಮದು ಖಾಲಿಯಾಗಿದ್ದಕ್ಕೆ ಅಷ್ಟೇ ಸಾಕು. ಮುಂದಿನ ಸಲ ಊರಿಗೆ ಹೋಗುವಾಗ ಹತ್ತರ (10 ಮಿ.ಮೀ.) ಸ್ಪ್ಯಾನರಲ್ಲಿ ಮೈನಸ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ. ಮತ್ತೆ ಜೋಡಿಸಿದಾಗ ಸ್ಟೀರಿಯೋ ಕೇಳೋ ಕೋಡ್ ಮಾತ್ರ ಮೊದಲೇ ಬರೆದಿಟ್ಟುಕೊಳ್ಳಿ.