ಅಪ್‌ಡೇಟ್: ಪೈಲಟ್ ತರಬೇತಿಗೆ ಕಮ್ಯುನಿಟಿ ಕಾಲೇಜನ್ನೇ ಸೇರಿದೆ

ಅಮೆರಿಕದಲ್ಲಿ ವಾಣಿಜ್ಯ ಪೈಲಟ್ ಆಗಲು ಖಾಸಗಿ ಹಾರಾಟ ತರಬೇತಿ ಶಾಲೆ ಒಳ್ಳೆಯದೋ ಕಮ್ಯುನಿಟಿ ಕಾಲೇಜೋ (ಸಾಮಾನ್ಯವಾಗಿ ಎರಡು ವರ್ಷದ ಪದವಿ ನೀಡುವ ಸಾರ್ವಜನಿಕ ಕಾಲೇಜು) ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊನೆಗೆ ಕಾಲೇಜನ್ನೇ ಸೇರಿದ್ದೇನೆ. ವಿಮಾನಯಾನ ಸಂಸ್ಥೆಗಳಲ್ಲಿ ಸಹಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕಾದರೂ, ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆಯಿರುವ ಕಾಲೇಜಿನಲ್ಲಿ ವಿಮಾನಯಾನದ ಅಸೋಸಿಯೇಟ್ (ಎರಡು ವರ್ಷದ) ಪದವಿ ಪಡೆದು, ವಾಣಿಜ್ಯ ಮತ್ತು ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನು ನೋಡಿಯೇ ವಿಮಾನ ಹಾರಿಸುವ) ತರಬೇತಿಯನ್ನೂ ಆ ಪಠ್ಯಕ್ರಮದಡಿಯಲ್ಲೇ ಮುಗಿಸಿದವರು 1,250 ಗಂಟೆಗಳಿಗೇ ನಿರ್ಬಂಧಿತ ಎಟಿಪಿ ಪರವಾನಗಿಗೆ (ವಿಮಾನಯಾನ ಸಂಸ್ಥೆಯಲ್ಲಿ ಸಹಪೈಲಟ್ ಆಗಲು ಸಾಕಾಗುವ ಪರವಾನಗಿ) ಅರ್ಹರಾಗಬಹುದೆಂಬ ನಿಯಮವೇ ನನ್ನ ನಿರ್ಧಾರಕ್ಕೆ ಮುಖ್ಯ ಕಾರಣ. ಆದ್ದರಿಂದ ಕಾಲೇಜಿಗೆ ಆ ಮಾನ್ಯತೆ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ. ಬೋಧನಾ ಶುಲ್ಕ ಕಡಿಮೆಯಿದ್ದರೂ ಹಾರಾಟದ ಶುಲ್ಕ ಪ್ರತ್ಯೇಕ, ಮತ್ತು ನಿಜವಾದ ಹೊರೆ ಅದೇ. ಮನೆಯವರೊಂದಿಗೆ ಈ ಲೆಕ್ಕವನ್ನು ಬಿಚ್ಚಿಟ್ಟು ಮಾತನಾಡುವುದು ಅಗತ್ಯ. ಹಣ ಕಟ್ಟುವ ಮುನ್ನವೇ ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಿರಿ ಎಂದು ನೀವು ನೀಡಿದ ಸಲಹೆಯನ್ನೂ ಪಾಲಿಸಿದ್ದೇನೆ. ಸದ್ಯ ಪ್ರೈವೇಟ್ ಪೈಲಟ್ ಲಿಖಿತ ಪರೀಕ್ಷೆಗೆ ಓದುತ್ತಿದ್ದೇನೆ.